ನೀಲಾಳ ತಲೆಯ ಮೇಲಿನ ಆಣೆ

ಪ್ರತಿಭಾ ಏಕಕಾಲಕ್ಕೆ ಎರಡು ಕಡೆ ಕಣ್ಣಿಡಬೇಕಾಗಿತ್ತು. ಎಡಕ್ಕೆ ಗೋಡೆಯಷ್ಟು ದೊಡ್ಡ ಗಾಜಿನ ಕಿಟಕಿ, ಅದರಾಚೆ ಹಿಮದ ಇಳಿಜಾರು; ಅಲ್ಲೆಲ್ಲೋ ಹಳದಿ ಜಾಕೆಟ್ ಹಾಕಿಕೊಂಡ ಒಂಬತ್ತು ವರ್ಷದ ಮಗಳು ನೀಲಾ ಸ್ಕೀ ಕಲಿಯುತ್ತಿದ್ದಳು. ಬಲಕ್ಕೆ ಬಾರಿನ ಉದ್ದನೆಯ ಮರದ ಕಟ್ಟೆ, ಅದರ ಮೇಲೆ ಸಾಲಾಗಿ ನಿಲ್ಲಿಸಿದ ಬಾಟಲಿಗಳು, ಬಾಟಲಿಗಳಿಂದ ಗೇಣು ದೂರದಲ್ಲಿ ಗಂಡನ ಕೈ. ಕಿಟಕಿಯಾಚೆ ಮಂಜು ಬಂದಾಗಲೆಲ್ಲ ಮಗಳು ಮರೆಯಾಗುತ್ತಿದ್ದಳು. ಕೈ ಮಾತ್ರ ಅಲ್ಲೇ ಇರುತ್ತಿತ್ತು.

ಶಶಿಕಾಂತನ ಆಫೀಸಿನ ಡಗ್ ಎಂಬ ಮ್ಯಾನೇಜರು ವರ್ಷಕ್ಕೊಮ್ಮೆ ಫೆಬ್ರುವರಿಯಲ್ಲಿ ತನ್ನ ತಂಡದವರನ್ನೆಲ್ಲ ಹೆಂಡತಿ ಮಕ್ಕಳ ಸಮೇತ ಬೆಟ್ಟಕ್ಕೆ ಕರೆದೊಯ್ಯುವುದು ವಾಡಿಕೆ. ಆಫೀಸಿದ್ದ ರಿಸರ್ಚ್ ಟ್ರಯಾಂಗಲ್ ಪಾರ್ಕ್‌ನಿಂದ ಬೆಟ್ಟದ ಊರಾದ ಬೂನ್ ಕಡೆಗೆ ಅರ್ಧ ದಿನದ ದಾರಿ. ಈ ದಕ್ಷಿಣದ ಬೆಟ್ಟಗಳಿಗೆ ಆಕಾಶದಿಂದ ಬೀಳುವ ಹಿಮ ಸಾಲುವುದಿಲ್ಲ. ಯಂತ್ರಗಳು ಉಗುಳಿದ ಹಿಮವನ್ನೇ ಹರಡಿ ಜಾರುತ್ತಾರೆ. ಶಶಿಕಾಂತ ಈ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಅಟ್ಲಾಂಟಾದ ಹಳೆಯ ಕೆಲಸ ಯಾಕೆ ಹೋಯಿತೆಂಬುದು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗದಂತೆ ನೋಡಿಕೊಳ್ಳುವುದು ಪ್ರತಿಭಾಳ ಪಾಲಿಗೆ ಎರಡನೆಯ ನೌಕರಿಯಾಗಿತ್ತು.

ಬಾರಿನ ಈ ಕಾಕ್‌ಟೇಲ್ ಕ್ಲಾಸಿಗೆ ಬರಬೇಕೆಂದು ಆಕೆ ಬಂದವಳಲ್ಲ. ಊಟದ ಹೊತ್ತಿಗೆ ಊರ್ಮಿಳಾ ಬಂದು ಎದುರಿಗೆ ಕೂತಿದ್ದಳು. ಶಶಿಕಾಂತನ ಸಹೋದ್ಯೋಗಿ ತ್ಯಾಗರಾಜನ ಹೆಂಡತಿ, ಬಸವನಗುಡಿಯವಳು, ಮೌನವನ್ನು ಎರಡು ನಿಮಿಷಕ್ಕಿಂತ ಹೆಚ್ಚು ಸಹಿಸದವಳು.

"ನಿಮ್ಮಿಬ್ರ ಹೆಸರೂ ಕೊಟ್ಬಿಟ್ಟಿದೀನಿ ಕಣ್ರೀ. ಮೂರು ಗಂಟೆಗೆ, ಮೇಲಿನ ಬಾರ್‌ನಲ್ಲಿ. ಕಾಕ್‌ಟೇಲ್ ಕ್ಲಾಸು! ನಾವೇ ಕೈಯಾರೆ ಮಿಕ್ಸ್ ಮಾಡೋದಂತೆ. ಸ್ಕೀ ಮಾಡಿ ಸೊಂಟ ಮುರ್ಕೊಳ್ಳೋದಕ್ಕಿಂತ ವಾಸಿ ಅಲ್ವಾ?"

"ನಾವು ಕುಡಿಯೂದಿಲ್ಲರಿ, ಊರ್ಮಿಳಾ."

"ನಾನೇನು ಕುಡಿದು ಬೀಳ್ತೀನಾ? ನಮ್ ತ್ಯಾಗುಗೆ ವೈನ್ ಬಾಟ್ಲು ನೋಡಿದ್ರೇನೇ ತಲೆ ಸುತ್ತತ್ತೆ. ಮನೇಲಿ ಪಾನಕ ಮಾಡಲ್ವಾ? ಹಾಗೇ ಅನ್ಕೊಳ್ಳಿ. ನೀವು ಬರ್ಲಿಲ್ಲ ಅಂದ್ರೆ ನಾನೊಬ್ಳೇ ಅಲ್ಲಿ ಪಿಳಿಪಿಳಿ ಅಂತ ಕೂತಿರ್ಬೇಕಾಗತ್ತೆ."

ನೀಲಾಗೆ ಜೊತೆ ಬೇಕು, ತನಗೆ ತಲೆನೋವು, ಹೀಗೆ ಏನಾದರೊಂದು ಹೇಳಲು ಪ್ರತಿಭಾ ಬಾಯಿ ತೆರೆದಳು. ಅಷ್ಟರಲ್ಲಿ ಶಶಿಕಾಂತ, ತಟ್ಟೆಯಿಂದ ತಲೆ ಎತ್ತದೆ, "ಬರ್ತೀವಿ" ಎಂದುಬಿಟ್ಟ.

ಊರ್ಮಿಳಾ ಎದ್ದುಹೋದ ಮೇಲೆ ಪ್ರತಿಭಾ ಕೇಳಿದಳು, "ಯಾಕ್ರಿ?"

"ಅಂಜಿ ಅಂಜಿ ದೂರ ನಿಂತ್ರ ಎಷ್ಟು ದಿನ ನಿಲ್ಲೂದು?" ಎಂದು ತಟ್ಟೆ ಎತ್ತಿಕೊಂಡು ಎದ್ದ. ಅವರ ಮನೆಯಲ್ಲಿ ಮಾತುಗಳು ಹೀಗೇ ಅರ್ಧಕ್ಕೆ ನಿಲ್ಲುತ್ತಿದ್ದವು. ಉಳಿದರ್ಧವನ್ನು ಇಬ್ಬರೂ ಬೇರೆಬೇರೆಯಾಗಿ ಹೊತ್ತುಕೊಂಡು ತಿರುಗುತ್ತಿದ್ದರು.

ಒಂದೂವರೆ ವರ್ಷದ ಹಿಂದೆ, ಅಟ್ಲಾಂಟಾದಲ್ಲಿ ಒಂದು ಶನಿವಾರ ಸಂಜೆ ಶಶಿಕಾಂತ ನೀಲಾಳನ್ನು ಈಜು ಕ್ಲಾಸಿನಿಂದ ಕರೆತರುವಾಗ ಪಕ್ಕದ ಮನೆಯ ಅಂಚೆಪೆಟ್ಟಿಗೆಗೆ ಕಾರು ಗುದ್ದಿದ್ದ. ಮಗುವಿಗೆ ಏನೂ ಆಗಿರಲಿಲ್ಲ. ಆದರೆ ಕಾರಿನ ಬಾಗಿಲು ತೆಗೆದ ಪ್ರತಿಭಾಗೆ ಒಳಗಿನ ವಾಸನೆ ಮುಖಕ್ಕೆ ಹೊಡೆದಿತ್ತು. ಮರುದಿನ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಾಗಿರುವಾಗಲೇ ಅಡುಗೆಮನೆಗೆ ಬಂದು, ಗಂಡನ ಬಲಗೈ ಹಿಡಿದು, ಮೇಜಿನ ಮುಂದೆ ಸೀರಿಯಲ್ ತಿನ್ನುತ್ತಿದ್ದ ಮಗಳ ತಲೆಯ ಮೇಲೆ ಇಟ್ಟಿದ್ದಳು. "ಇಕಿ ತಲಿ ಮುಟ್ಟಿ ಆಣಿ ಮಾಡ್ರಿ. ಇನ್ನ ಮುಟ್ಟೂದಿಲ್ಲ ಅಂತ ಹೇಳ್ರಿ." ಅವನು ಹೇಳಿದ. ನೀಲಾ ಚಮಚವನ್ನು ಬಾಯಿಯ ಹತ್ತಿರವೇ ಹಿಡಿದುಕೊಂಡು ಕದಲದೆ ಕೂತಿದ್ದಳು. ಇಲ್ಲಿ ಹುಟ್ಟಿದ ಕೂಸು, ಆಣೆ ಎಂದರೆ ಅದಕ್ಕೇನು ತಿಳಿದೀತು ಎಂದುಕೊಂಡಿದ್ದಳು ಪ್ರತಿಭಾ.

ಅಂದಿನಿಂದ ಶಶಿಕಾಂತ ಕುಡಿದಿರಲಿಲ್ಲ. ಕುಡಿದಿರಲಿಲ್ಲ ಎಂದೇ ಆಕೆಯ ನಂಬಿಕೆ. ಆದರೆ ಆಣೆ ಮುರಿದರೆ ಅದು ತಟ್ಟುವುದು ಮುರಿದವನಿಗಲ್ಲ, ಮುಟ್ಟಿದ ತಲೆಗೆ. ವಿಜಯಪುರದಲ್ಲಿ ಬೆಳೆದ ಆಕೆಗೆ ಇದನ್ನು ಯಾರೂ ಕೂರಿಸಿಕೊಂಡು ಕಲಿಸಿರಲಿಲ್ಲ, ಉಸಿರಿನ ಜೊತೆ ಬಂದಿತ್ತು. ಪ್ರತಿಭಾ ರಾಲಿಯ ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಯಾರ ಗಂಟಲಲ್ಲಿ ಯಾವ ಬ್ಯಾಕ್ಟೀರಿಯಾ ಬೆಳೆದಿದೆ ಎಂದು ದಿನವೂ ನೋಡಿ ಹೇಳುವವಳು. ಹಾಗಿದ್ದೂ ಹೋದ ಚಳಿಗಾಲದಲ್ಲಿ ನೀಲಾಳ ಗಂಟಲು ಕೆಟ್ಟು ಜ್ವರ ಬಂದಾಗ ಮೊದಲು ಮಾಡಿದ ಕೆಲಸವೆಂದರೆ ಒಗೆಯಲು ಹಾಕಿದ್ದ ಗಂಡನ ಅಂಗಿಯನ್ನು ಮೂಸಿ ನೋಡಿದ್ದು. ತನ್ನ ಬಗ್ಗೆ ತನಗೇ ನಾಚಿಕೆಯಾಗಿತ್ತು. ಆದರೂ ಕೊರಳಪಟ್ಟಿಯನ್ನು ಎರಡು ಸಲ ಮೂಸಿದ್ದಳು.

ಈಗ ಅವನ ಕೈಯಿಂದ ಗೇಣು ದೂರದಲ್ಲಿ ಬರ್ಬನ್ ವಿಸ್ಕಿಯ ಬಾಟಲಿ ಇತ್ತು. ಮಗಳು ಇಳಿಜಾರಿನಲ್ಲಿದ್ದಳು.

ಕಲಿಸುವವಳು ರೋಂಡಾ ಎಂಬ ಗಟ್ಟಿ ದನಿಯ ಹೆಂಗಸು. ಆ ಬೆಟ್ಟದ ಸೀಮೆಯವಳೇ, ಒಂದೊಂದು ಶಬ್ದವನ್ನೂ ರಬ್ಬರಿನಂತೆ ಎಳೆದು ಬಿಡುವವಳು. ಈ ದಿನ ವಿಸ್ಕಿ ಸವರ್ ಎಂಬ ಹುಳಿಸಿಹಿ ಕಾಕ್‌ಟೇಲ್ ಮಾಡೋಣ ಎಂದಳು. ಒಂದೊಂದು ಜೋಡಿಯ ಮುಂದೆಯೂ ಬಾಟಲಿ, ನಿಂಬೆಹಣ್ಣು, ಸಕ್ಕರೆಪಾಕ, ಒಂದು ಮೊಟ್ಟೆ, ಮುಚ್ಚಳವಿದ್ದ ಸ್ಟೀಲಿನ ಶೇಕರ್, ಅಳತೆಗೊಂದು ಪುಟ್ಟ ಬಟ್ಟಲು.

"ಮೊಟ್ಟೇನೂ ಹಾಕ್ತಾರಾ!" ಊರ್ಮಿಳಾ ಪಿಸುಗುಟ್ಟಿದಳು. "ಅಯ್ಯಯ್ಯೋ, ಅಷ್ಟು ಪಾಪ ಸಾಲ್ದು ಅಂತ ಇದೊಂದು ಬೇರೆ. ರೀ ತ್ಯಾಗು, ನೀವು ಒಡೀರಿ, ನಾ ಮುಟ್ಟಲ್ಲ."

"ನೀನು ತಾನೇ ಹೆಸರು ಕೊಟ್ಟಿದ್ದು? ನೀನೇ ಒಡಿ," ಎಂದ ತ್ಯಾಗರಾಜ.

ಪ್ರತಿಭಾ ಬಾಟಲಿಯನ್ನು ತನ್ನ ಕಡೆಗೆ ಎಳೆದುಕೊಂಡಳು. "ನಾ ಹಾಕ್ತೀನಿ. ನೀವು ಲಿಂಬಿಹಣ್ಣು ಹಿಂಡ್ರಿ."

ಶಶಿಕಾಂತ ನಿಂಬೆಹಣ್ಣು ಹಿಂಡಿದ. ಆಕೆ ಬಾಟಲಿ ಬಗ್ಗಿಸಿದಳು. ಪ್ರಯೋಗಾಲಯದಲ್ಲಿ ಒಂದು ಹನಿಯನ್ನೂ ಆಚೀಚೆ ಬೀಳಿಸದ ಕೈ ಇಲ್ಲಿ ಅಳತೆ ತಪ್ಪಿತು. ವಿಸ್ಕಿ ಬಟ್ಟಲಿನ ಅಂಚು ಮೀರಿ ಕಟ್ಟೆಯ ಮೇಲೆ ಹರಿದು ಆಕೆಯ ಸ್ವೆಟರಿನ ತೋಳು ತೋಯಿಸಿತು. ವಾಸನೆ ಎದ್ದಿತು. ಅಟ್ಲಾಂಟಾದ ಕಾರಿನದೇ ವಾಸನೆ. ಶಶಿಕಾಂತ ಬಟ್ಟೆಯಿಂದ ಕಟ್ಟೆ ಒರೆಸಿದ, ಆಕೆಯ ಕೈಯಿಂದ ಬಾಟಲಿಯನ್ನು ಮೆಲ್ಲಗೆ ಬಿಡಿಸಿಕೊಂಡ, ಪುಟ್ಟ ಬಟ್ಟಲನ್ನು ಪಕ್ಕಕ್ಕೆ ಸರಿಸಿ ನೇರವಾಗಿ ಶೇಕರಿಗೇ ಸುರಿದು, ಮಣಿಕಟ್ಟನ್ನು ಒಂದಿಷ್ಟು ತಿರುವಿ ನಿಲ್ಲಿಸಿದ.

ರೋಂಡಾ ಅದನ್ನು ಕಂಡಳು. ಬಂದು ಶೇಕರಿನಲ್ಲಿದ್ದುದನ್ನು ಬಟ್ಟಲಿಗೆ ಬಗ್ಗಿಸಿ ಎಲ್ಲರಿಗೂ ಎತ್ತಿ ತೋರಿಸಿದಳು. ಅಂಚಿಗೆ ಸರಿಯಾಗಿ ತುಂಬಿತ್ತು. ನೀನು ಮೊದಲು ಬಾರಿನಲ್ಲಿ ಕೆಲಸ ಮಾಡಿದವನೇ ಎಂದು ಕೇಳಿದಳು. ಕಟ್ಟೆಯ ಆ ತುದಿಯಿಂದ ಡಗ್, ಇಷ್ಟು ದಿನ ಈ ವಿದ್ಯೆಯನ್ನು ಮುಚ್ಚಿಟ್ಟಿದ್ದೆಯಲ್ಲ ಎಂದು ಕೂಗಿದ. ಎಲ್ಲರೂ ನಕ್ಕರು. ಶಶಿಕಾಂತನೂ ನಕ್ಕ. ತಲೆಯನ್ನು ಸ್ವಲ್ಪ ಹಿಂದಕ್ಕೆ ಒಗೆದು ನಗುವ ಆ ನಗೆ ಪ್ರತಿಭಾಗೆ ಚೆನ್ನಾಗಿ ಗೊತ್ತಿತ್ತು. ಬಹಳ ದಿನಗಳಿಂದ ಅದನ್ನು ಕಂಡಿರಲಿಲ್ಲ. ಅದು ಚೆಂದದ ನಗೆ ಎಂಬುದೇ ಆಕೆಗೆ ಹೆಚ್ಚು ಭಯ ತಂದಿತು.

ಕಿಟಕಿಯ ಕಡೆ ತಿರುಗಿದಳು. ಮಂಜು ದಟ್ಟವಾಗಿತ್ತು. ಲಿಫ್ಟಿನ ಕುರ್ಚಿಗಳು ಮಂಜಿನೊಳಕ್ಕೆ ಹೋಗಿ ಕರಗುತ್ತಿದ್ದವು. ಹಳದಿ ಎಲ್ಲೂ ಇರಲಿಲ್ಲ.

ಮಂಜುಗಡ್ಡೆ ಹಾಕಿ ಶೇಕರ್ ಕುಲುಕುವ ಸದ್ದಿನಿಂದ ಕೋಣೆ ತುಂಬಿತು. ಎಲ್ಲರೂ ಲೋಟಕ್ಕೆ ಸೋಸಿಕೊಂಡ ಮೇಲೆ ರೋಂಡಾ ಅವರನ್ನು ಸುಮ್ಮನಾಗಿಸಿ, ಈ ಕಸುಬಿನಲ್ಲಿ ಒಂದೇ ಒಂದು ಕಟ್ಟಳೆ ಎಂದಳು: ತಾನು ರುಚಿ ನೋಡದ್ದನ್ನು ಇನ್ನೊಬ್ಬರಿಗೆ ಕೊಡಕೂಡದು. ಒಂದು ಸ್ಟ್ರಾವನ್ನು ಲೋಟದಲ್ಲಿ ಅದ್ದಿ, ಮೇಲಿನ ತುದಿಗೆ ಬೆರಳು ಒತ್ತಿ ಎತ್ತಿ, ಒಳಗೆ ನಿಂತ ನಾಲ್ಕು ಹನಿಯನ್ನು ನಾಲಿಗೆಗೆ ಬಿಟ್ಟುಕೊಂಡು ತೋರಿಸಿದಳು.

ಪ್ರತಿಭಾಗೆ ಒಂದು ದಾರಿ ಹೊಳೆಯಿತು. ತಮ್ಮ ಕಡೆ ಅಡುಗೆಯನ್ನು ಹಾಗೆ ರುಚಿ ನೋಡುವುದಿಲ್ಲ, ಬಡಿಸುವ ಮೊದಲೇ ಬಾಯಿಗಿಟ್ಟರೆ ಎಂಜಲಾಗುತ್ತದೆ ಎಂದು ಇಂಗ್ಲಿಷಿನಲ್ಲಿ ತಡವರಿಸುತ್ತ ವಿವರಿಸಿದಳು.

ರೋಂಡಾಗೆ ಇದು ಬಹಳ ಹಿಡಿಸಿಬಿಟ್ಟಿತು. ಹಾಗಾದರೆ ಉಪ್ಪು ಸರಿಯಿದೆಯೆಂದು ತಿಳಿಯುವುದು ಹೇಗೆ, ದೇವರೇ ಹೇಳುತ್ತಾನೆಯೇ ಎಂದು ನಿಜವಾದ ಕುತೂಹಲದಿಂದ ಕೇಳಿದಳು. ಪ್ರತಿಭಾ ಉತ್ತರ ಕೊಡುವ ಮೊದಲೇ, ಆದರೆ ಪ್ರಿಯೆ, ಇದು ಅಡುಗೆಮನೆಯಲ್ಲವಲ್ಲ ಎಂದು ಹೇಳಿ ಎರಡು ಸ್ಟ್ರಾ ಅವರ ಮುಂದಿಟ್ಟು ಹೋದಳು.

ಶಶಿಕಾಂತ ಒಂದನ್ನು ಎತ್ತಿಕೊಂಡ. ನೊರೆಯೊಳಗೆ ಇಳಿಸಿದ. ತುದಿಗೆ ಬೆರಳು ಒತ್ತಿ ಎತ್ತಿ, ಮುಖದ ಮುಂದೆ ಹಿಡಿದು ಅದನ್ನೇ ನೋಡುತ್ತ ನಿಂತ. ಒಳಗೆ ಜೇನಿನ ಬಣ್ಣದ ಒಂದು ಗೆರೆ. ಅವನ ಮುಖದಲ್ಲಿ ಆಸೆಯಿತ್ತೋ ಅಂಜಿಕೆಯಿತ್ತೋ ಪ್ರತಿಭಾಗೆ ತಿಳಿಯಲಿಲ್ಲ. ತಿಳಿಯುವಷ್ಟು ಹೊತ್ತು ಆಕೆ ತಡೆಯಲೂ ಇಲ್ಲ. ಕೈಚಾಚಿ ಕಸಿದುಕೊಂಡು ತನ್ನ ಬಾಯಿಗೆ ಬಿಟ್ಟುಕೊಂಡಳು.

ಹುಳಿ, ಸಿಹಿ, ಅದರ ಕೆಳಗೆ ಬೆಂಕಿ. ಜನ್ಮದಲ್ಲಿ ಮೊದಲ ಸಲ.

"ಪ್ರತಿಭಾ," ಎಂದ ಅವನು ತಗ್ಗಿದ ದನಿಯಲ್ಲಿ.

ಆ ಹೊತ್ತಿಗೆ ಡಗ್ ಕುರ್ಚಿಯ ಮೇಲೆ ಹತ್ತಿ, ಎಲ್ಲರೂ ತಮ್ಮ ತಮ್ಮ ಲೋಟ ಎತ್ತಬೇಕೆಂದ. ಈ ವರ್ಷ ಚೆನ್ನಾಗಿ ದುಡಿದಿದ್ದೀರಿ, ನಿಮ್ಮೆಲ್ಲರ ಆರೋಗ್ಯಕ್ಕೆ ಎಂದ. ಜೋಡಿಗೆ ಒಂದೇ ಲೋಟವಾದದ್ದರಿಂದ ಒಬ್ಬರು ಒಂದು ಗುಟುಕು ಕುಡಿದು ಇನ್ನೊಬ್ಬರಿಗೆ ಕೊಡುತ್ತಿದ್ದರು. ಶಶಿಕಾಂತ ಲೋಟ ಎತ್ತಿದ, ಎದೆಯ ಮಟ್ಟಕ್ಕೆ ತಂದು ಹಿಡಿದ. ಡಗ್ ಇವರ ಕಡೆಗೇ ನೋಡುತ್ತಿದ್ದ. ಪ್ರತಿಭಾ ಗಂಡನ ಕೈಯಿಂದ ಲೋಟ ತೆಗೆದುಕೊಂಡು, ಕಣ್ಣು ಮುಚ್ಚಿ, ಔಷಧ ಕುಡಿದಂತೆ ತಳದವರೆಗೂ ಕುಡಿದು ಕೆಳಗಿಟ್ಟಳು.

ಕೋಣೆಯೆಲ್ಲ ಚಪ್ಪಾಳೆ.

"ಅಯ್ಯೋ ನಮ್ಮಮ್ಮ!" ಊರ್ಮಿಳಾ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ನಾವು ಕುಡಿಯೂದಿಲ್ಲರಿ ಅಂದೋರು ಇವ್ರೇನಾ? ಗಂಡಂಗೆ ಒಂದ್ ತೊಟ್ಟೂ ಬಿಡ್ಲಿಲ್ವಲ್ರೀ! ಶಶಿಕಾಂತ್, ಪಾಪ ನೀವು, ವಾಸ್ನೆ ತಗೊಂಡು ಸುಮ್ನಿರಿ."

ಪ್ರತಿಭಾಳ ಕಿವಿಗಳು ಕಾದವು. ಆಶ್ಚರ್ಯವೆಂದರೆ, ನಾಚಿಕೆ ಆಗಲಿಲ್ಲ. ಕಾಪಾಡಿದೆ ಎಂದುಕೊಂಡಳು. ಕಿಟಕಿಯ ಕಡೆ ನೋಡಿ, ಮಂಜಿನಾಚೆ ಎಲ್ಲೋ ಇರುವ ಮಗಳಿಗೆ ಮನಸ್ಸಿನಲ್ಲೇ, ಏನೂ ಆಗಿಲ್ಲ ಕೂಸೇ, ಪಪ್ಪಾ ಮುಟ್ಟಿಲ್ಲ ಎಂದಳು. ಗಂಡನ ಮುಖ ನೋಡಲಿಲ್ಲ.

ಅಷ್ಟರಲ್ಲಿ ಬಾಗಿಲು ತೆರೆಯಿತು. ಸ್ಕೀ ಇಳಿಜಾರು ಕಾಯುವ ಕೆಂಪು ಜಾಕೆಟ್ಟಿನ ಗಸ್ತಿನವನೊಬ್ಬ ನೀಲಾಳನ್ನು ಹೆಗಲು ಹಿಡಿದು ಕರೆತಂದಿದ್ದ. ಮಗುವಿನ ಒಂದು ಕೈ ಬಟ್ಟೆಯ ಜೋಲಿಯಲ್ಲಿತ್ತು. ಮೂಗು, ಗಲ್ಲ ಚಳಿಗೆ ಕೆಂಪಾಗಿದ್ದವು. ಅಳುತ್ತಿರಲಿಲ್ಲ. ಹೆದರುವಂಥದ್ದೇನಿಲ್ಲ, ಬಿದ್ದಾಗ ಮಣಿಕಟ್ಟು ಉಳುಕಿದೆ, ಮೂಳೆ ಮುರಿದಂತಿಲ್ಲ, ಮಂಜುಗಡ್ಡೆ ಇಟ್ಟು ಬೆಳಿಗ್ಗೆ ನೋಡಿ ಎಂದು ಆತ ಹೇಳಿದ. ಪ್ರತಿಭಾಗೆ ಆ ಮಾತು ನೀರಿನ ಕೆಳಗಿನಿಂದ ಕೇಳಿದಂತಿತ್ತು.

ಬಾರಿನ ಹೊರಗಿನ ಪಡಸಾಲೆಯಲ್ಲಿ, ಬೆಂಕಿಗೂಡಿನ ಮುಂದಿನ ಬೆಂಚಿನ ಮೇಲೆ ಮಗುವನ್ನು ಕೂರಿಸಿದರು. ಬಾಗಿಲು ಮುಚ್ಚಿಕೊಂಡು ಒಳಗಿನ ಗದ್ದಲ ಮಂದವಾಯಿತು. ಪ್ರತಿಭಾ ಮಂಡಿಯೂರಿ ಮಗಳ ಬೂಟಿನ ಕೊಂಡಿ ಬಿಚ್ಚತೊಡಗಿದಳು.

ನೀಲಾ ತಂದೆಯನ್ನೇ ನೋಡುತ್ತಿದ್ದಳು.

"ಪಪ್ಪಾ, ನೀ ಕುಡಿದಿ?"

"ಇಲ್ಲ ಪುಟ್ಟಿ."

"ಬಟ್ ಐ ಫೆಲ್."

ಪ್ರತಿಭಾಳ ಬೆರಳುಗಳು ಕೊಂಡಿಯ ಮೇಲೆ ನಿಂತವು.

"ವೆರಿ ಬ್ಯಾಡ್ ಫಾಲ್," ಎಂದಳು ನೀಲಾ, ಕೇಳಿದ್ದಕ್ಕೆ ಉತ್ತರ ಕೊಡುವವಳಂತೆ. "ಅಜ್ಜಿ ಟೋಲ್ಡ್ ಮಿ. ಅಜ್ಜಿ ಬಂದಾಗ ನಾ ಕೇಳಿದೆ, ಆಣಿ ಅಂದರೆ ಏನು ಅಂತ. ಪಪ್ಪಾ ಕುಡಿದರೆ ನನಗೆ ಏನೋ ಆಗ್ತದೆ. ಬಿಕಾಸ್ ಇಟ್ಸ್ ಮೈ ಹೆಡ್. ಅದಕ್ಕೆ ನಾ ಸಿಕ್ ಆದರೆ ಮಮ್ಮಿ ನಿನ್ನ ಶರ್ಟ್ ಸ್ಮೆಲ್ ಮಾಡ್ತಾಳೆ." ತಾಯಿಯ ಕಡೆ ಬಾಗಿ ಮೂಗು ಅರಳಿಸಿದಳು. ಕಣ್ಣುಗಳು ಅಗಲವಾದವು. "ಸ್ಮೆಲ್ ಇದೆ. ಮಮ್ಮಿ, ಸ್ಮೆಲ್ ಇದೆ!"

"ಅದು ನಂದು," ಎಂದಳು ಪ್ರತಿಭಾ. ನಾಲಿಗೆ ದಪ್ಪವಾಗಿತ್ತು. "ನನ್ನ ಬಾಯಿ ವಾಸನಿ. ಪಪ್ಪಾ ಕುಡಿದಿಲ್ಲ. ಕುಡಿದಾಕಿ ನಾನು."

ನೀಲಾ ಇದನ್ನು ಯೋಚಿಸಿದಳು. "ನೀನೂ ಆಣಿ ಮಾಡಿದ್ದಿ?"

"ಇಲ್ಲ."

"ದೆನ್ ನಾ ಯಾಕೆ ಬಿದ್ದೆ?"

ಬೆಂಕಿಗೂಡಿನಲ್ಲಿ ಕೊರಡೊಂದು ಸಿಡಿಯಿತು. ತನಗೆ ತಿಳಿದ ಉತ್ತರಗಳೆಲ್ಲ ಪ್ರತಿಭಾಳ ಬಾಯಿಯವರೆಗೆ ಬಂದವು: ಹಿಮ ಗಟ್ಟಿಯಾಗಿತ್ತು, ನೀನಿನ್ನೂ ಕಲಿಯುತ್ತಿದ್ದೀ, ಎಲ್ಲರೂ ಬೀಳುತ್ತಾರೆ. ಈ ಮಗು ಅಜ್ಜಿ ಹೇಳಿದಂದಿನಿಂದ ಪ್ರತಿ ನೆಗಡಿಯಲ್ಲೂ, ಪ್ರತಿ ತರಚು ಗಾಯದಲ್ಲೂ ಅಪ್ಪನನ್ನು ಅನುಮಾನಿಸಿ, ಯಾರಿಗೂ ಹೇಳದೆ ಒಬ್ಬಳೇ ಇಟ್ಟುಕೊಂಡಿತ್ತು. ತನ್ನಂತೆಯೇ. ಮಾತು ನುಂಗುವುದನ್ನು ಮನೆಯಲ್ಲೇ ಕಲಿತಿತ್ತು.

ಶಶಿಕಾಂತ ಬೆಂಚಿನ ತುದಿಯಲ್ಲಿ ಕೂತ. ಮಾತಾಡಿದ್ದು ಹೆಂಡತಿಯೊಡನೆ, ನೋಡಿದ್ದು ಬೆಂಕಿಯನ್ನು.

"ಆ ಸ್ಟ್ರಾ ನಾ ಬಾಯಿಗೆ ಒಯ್ತಿದ್ನೋ, ಕೆಳಗ ಇಡ್ತಿದ್ನೋ, ನನಗ ಗೊತ್ತಿಲ್ಲ ಪ್ರತಿಭಾ. ಖರೇನ ಗೊತ್ತಿಲ್ಲ. ಅದನ್ನ ತಿಳ್ಕೋಬೇಕಂತನ ಇಲ್ಲಿ ಬಂದಿದ್ದೆ. ನೀ ಕಸಗೊಂಡಿ."

"ನನಗ ಅಂಜಿಕಿ ಆತು."

"ಗೊತ್ತದ." ಮಗಳ ಜೋಲಿಯ ಗಂಟು ಸರಿಪಡಿಸಿದ. "ನಾ ಬಿಟ್ಟೀನೋ, ಇಕಿ ತಲಿ ಸಲುವಾಗಿ ಕಟ್ಟಿ ಹಾಕಿಸಿಕೊಂಡು ಕುಂತೀನೋ, ನನಗ ತಿಳಿಯೂದಿಲ್ಲ. ಈ ಆಣಿ ತೆಗೀ. ನಾ ಕುಡೀಬೇಕಂತ ಕೇಳ್ತಿಲ್ಲ. ಈ ಕೂಸಿನ ಮ್ಯಾಲಿಂದ ತೆಗೀ."

"ತೆಗದ್ರ?"

ಅವನು ಬೆಂಕಿಯ ಕಡೆ ಕೈ ಚಾಚಿ ಕಾಯಿಸಿಕೊಂಡ. ಇನ್ನು ಕುಡಿಯುವುದಿಲ್ಲವೆಂದು ಬಾಯಿ ತೆರೆದು ಮಾತು ಕೊಟ್ಟಿದ್ದರೂ ಆಕೆ ನಂಬುತ್ತಿದ್ದಳೋ ಇಲ್ಲವೋ. ಆಣೆಯೊಂದೇ ಆಕೆಯ ಕೈಯಲ್ಲಿದ್ದ ಹಗ್ಗ. ಅದನ್ನು ಬಿಟ್ಟರೆ ಅಟ್ಲಾಂಟಾದ ಸಂಜೆಗೂ ತಮಗೂ ನಡುವೆ ಏನು ಉಳಿಯುತ್ತದೆ? ಹಗ್ಗದ ಇನ್ನೊಂದು ತುದಿ ಅವನ ಕೊರಳಿಗಿದೆ ಎಂದುಕೊಂಡಿದ್ದಳು. ಅದು ಎಲ್ಲಿಗೆ ಕಟ್ಟಿತ್ತೆಂಬುದು ಈಗ ಎದುರಿಗೇ ಕೂತಿತ್ತು, ಒಂದು ಕೈ ಜೋಲಿಯಲ್ಲಿಟ್ಟುಕೊಂಡು.

ಮಗಳ ಉಣ್ಣೆಯ ಟೋಪಿ ತೆಗೆದಳು. ಬೆವರಿಗೆ ಕೂದಲು ಅಂಟಿಕೊಂಡಿತ್ತು. ತನ್ನ ಕೈಯನ್ನು ಅದರ ಮೇಲಿಟ್ಟಳು. ಇದಕ್ಕೆ ಏನು ಹೇಳಬೇಕೆಂದು ಆಕೆಗೆ ಯಾರೂ ಕಲಿಸಿರಲಿಲ್ಲ; ಆಣೆ ಹಾಕುವುದನ್ನು ಕಂಡಿದ್ದಳು, ತೆಗೆಯುವುದನ್ನು ಕಂಡಿರಲಿಲ್ಲ.

"ನೋಡು ನೀಲಾ. ಈ ಆಣಿ ಪಪ್ಪಾ ಹಾಕಿದ್ದಲ್ಲ, ನಾ ಹಾಕಿಸಿದ್ದು. ನಾನ ತೆಗೀತೀನಿ. ಇನ್ನ ಮ್ಯಾಲೆ ನಿನ್ನ ತಲಿ ಮ್ಯಾಲೆ ಯಾರ ಮಾತೂ ಇಲ್ಲ." ಒರಟಾಗಿ ಕೂದಲು ಸವರಿ, ಏನನ್ನೋ ಉದುರಿಸುವಂತೆ ಕೈ ಕೊಡವಿದಳು. "ಮುಗೀತು."

"ದಟ್ಸ್ ಇಟ್?"

"ಅಷ್ಟ."

"ಈಗ ಪಪ್ಪಾ ಕುಡಿದರೆ?"

"ಕುಡಿದ್ರ ಪಪ್ಪಾಗ ತ್ರಾಸ ಆಗ್ತದ. ನನಗ ಸಿಟ್ಟು ಬರ್ತದ. ನಿನಗ ಏನೂ ಆಗೂದಿಲ್ಲ."

ನೀಲಾ ಒಳ್ಳೆಯ ಕೈಯಿಂದ ತನ್ನ ತಲೆಯನ್ನು ಮುಟ್ಟಿ ನೋಡಿಕೊಂಡಳು. ಆಮೇಲೆ ಇದ್ದಕ್ಕಿದ್ದಂತೆ, ಈಗ ಅಳಬಹುದು ಎಂದು ಅಪ್ಪಣೆ ಸಿಕ್ಕವಳಂತೆ, ಮಣಿಕಟ್ಟು ನೋಯುತ್ತದೆಂದು ಜೋರಾಗಿ ಅತ್ತಳು.

"ಐಸ್ ಬೇಕು," ಎಂದು ಶಶಿಕಾಂತ ಎದ್ದ. ಮಂಜುಗಡ್ಡೆ ಇದ್ದದ್ದು ಬಾರಿನಲ್ಲಿ. ಒಂದು ಹೆಜ್ಜೆ ಇಟ್ಟು ನಿಂತು ಹೆಂಡತಿಯ ಕಡೆ ನೋಡಿದ. ನಾನೇ ತರ್ತೀನಿ ಎಂಬ ಮಾತು ಪ್ರತಿಭಾಳ ನಾಲಿಗೆಯ ತುದಿಯಲ್ಲಿತ್ತು. ನಾಲಿಗೆಯನ್ನು ಹಲ್ಲಿನಿಂದ ಕಚ್ಚಿ ಹಿಡಿದಳು.

"ಬಟ್ಟಿಯೊಳಗ ಸುತ್ತಿ ತರ್ರಿ," ಎಂದಳು. "ಬರೇ ಐಸ್ ಇಟ್ರ ಚರ್ಮ ಸುಡ್ತದ."

ಬಾಗಿಲು ತೆರೆದಾಗ ನಗೆ, ಶೇಕರಿನ ಸದ್ದು, ಅವನನ್ನು ಕಂಡು ಡಗ್ ಕೂಗಿದ ಹೆಸರು ಎಲ್ಲವೂ ಒಮ್ಮೆಲೇ ಹೊರಗೆ ಬಿದ್ದವು. ಬಾಗಿಲು ಮುಚ್ಚಿತು. ಪ್ರತಿಭಾ ಬೆನ್ನು ಅತ್ತ ಮಾಡಿಕೊಂಡು, ಮಗಳ ಬೂಟಿನ ಉಳಿದ ಕೊಂಡಿಗಳನ್ನು ಬಿಚ್ಚತೊಡಗಿದಳು. ಅವು ಹಿಮ ಕಚ್ಚಿ ಬಿಗಿಯಾಗಿದ್ದವು. ಒಂದು ಬಿಚ್ಚಿತು. ಇನ್ನೊಂದು ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಅವನಿನ್ನೂ ಬಂದಿರಲಿಲ್ಲ.

"ಮಮ್ಮಿ, ಪಪ್ಪಾ ಕುಡೀತಾರಾ?"

"ಗೊತ್ತಿಲ್ಲ, ಪುಟ್ಟಿ," ಎಂದಳು ಪ್ರತಿಭಾ. ಮಗಳ ಒದ್ದೆ ಕಾಲುಚೀಲ ಎಳೆದು ತೆಗೆದು, ತಣ್ಣಗಿದ್ದ ಪಾದವನ್ನು ಎರಡೂ ಅಂಗೈಯ ನಡುವೆ ಹಿಡಿದು ಉಜ್ಜತೊಡಗಿದಳು.